ಮಿಸ್ ಪಾಲ್ಮಾರೆಸ್‌ಗೆ ಕಾಣದಂತೆ

ಫೆಬ್ರವರಿ 10, ಭಾನುವಾರ. ಚರ್ಚಿನಿಂದ ಬಂದ ಮೇಲೆ

ಎಂ ಅಕ್ಷರದವರೆಗೆ ಬಂದೆ. ಫೋನ್ ಕಾದು ಇಸ್ತ್ರಿಪೆಟ್ಟಿಗೆ ಆಗಿದೆ. ಫೇಸ್‌ಬುಕ್‌ನಲ್ಲಿ ಇಷ್ಟೊಂದು ಜನ ನನ್ನ ಫ್ರೆಂಡ್ಸ್ ಅಂತ ಇವತ್ತೇ ಗೊತ್ತಾಗಿದ್ದು. ಅರ್ಧ ಜನರ ಮುಖವೇ ನೆನಪಿಲ್ಲ. ನಾನು ಹಾಕಿದ್ದು ಯಾರಿಗೆ ಕಾಣಬೇಕು, ಯಾರಿಗೆ ಬೇಡ ಅಂತ ಒಬ್ಬೊಬ್ಬರನ್ನೇ ಗುಂಪಿಗೆ ಸೇರಿಸುತ್ತಿದ್ದೇನೆ. ಹೆಸರು ಒತ್ತು, ಗುಂಪು ಆರಿಸು, ಸೇವ್ ಮಾಡು. ಮತ್ತೆ ಹೆಸರು ಒತ್ತು... ನಾನು ಪಾಠ ಮಾಡುವ ಶಾಲೆಯವರದು ಒಂದು ಗುಂಪು. ಚರ್ಚಿನವರು ಮತ್ತು ಮಕ್ಕಳ ತಾಯಂದಿರದು ಇನ್ನೊಂದು. ನೆಂಟರು. ಕೊನೆಗೆ ಒಂದು ಪುಟ್ಟ ಗುಂಪು, ಹೆಸರು ‘ಗೊತ್ತಿರುವವರು’. ಅದರಲ್ಲಿ ಅಮ್ಮ, ರೋಮೆಲ್, ನನ್ನ ಜೊತೆ ಕೆಲಸ ಮಾಡುವ ಜೊಸೆಟ್. ಅಷ್ಟೆ.

ಅವರಿಗೆ ಗೊತ್ತಿರುವುದು ಇಷ್ಟು — ನಾನು ಬಸುರಿ. ಮದುವೆ ಆಗಿಲ್ಲ. ಮಾಡಿಕೊಳ್ಳಬೇಕಾದ ರೋಮೆಲ್ ಹಡಗಿನ ಕೆಲಸದಲ್ಲಿದ್ದಾನೆ. ಕ್ರಿಸ್ಮಸ್‌ಗೆ ಬಂದು ಹೋದವನು ಇನ್ನು ಜೂನ್ ಕೊನೆಗೇ ನೆಲಕ್ಕೆ ಇಳಿಯುವುದು. ಶಾಲೆಯಲ್ಲಿ ನನ್ನ ಮುಂದಿನ ವರ್ಷದ ಕಾಂಟ್ರ್ಯಾಕ್ಟಿಗೆ ಸಹಿ ಬೀಳುವುದು ಏಪ್ರಿಲ್ ಐದಕ್ಕೆ. ಕಾಂಟ್ರ್ಯಾಕ್ಟಿನಲ್ಲಿ ‘ನೈತಿಕ ನಡತೆ’ ಅಂತ ಒಂದು ಸಾಲಿದೆ. ನಾಲ್ಕು ವರ್ಷ ಓದದೆ ಸಹಿ ಮಾಡಿದ್ದೆ. ಈಗ ಬಾಯಿಪಾಠ ಆಗಿದೆ.

ಹೋದ ವರ್ಷ, ನನ್ನ ಹಾಗೇ ಮದುವೆಯಾಗದ ಪಿ.ಟಿ. ಟೀಚರ್ ಅರ್ಲೀನ್ ಮಾಡಿದ್ದಾದರೂ ಏನು? ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಒಂದು ಫೋಟೊ. ಎಲ್ಲರಿಗೂ ಕಾಣುವಂತೆ ಹಾಕಿದಳು. ಯಾರೋ ಪುಣ್ಯಾತ್ಮರು ಸ್ಕ್ರೀನ್‌ಶಾಟ್ ತೆಗೆದು ಪ್ರಿನ್ಸಿಪಾಲರಿಗೆ ಕಳಿಸಿದರು. ಯಾರೂ ಬೈಯಲಿಲ್ಲ, ಕರೆದು ಕೇಳಲೂ ಇಲ್ಲ. ಏಪ್ರಿಲ್‌ನಲ್ಲಿ ಅವಳ ಕಾಗದ ಬರಲಿಲ್ಲ. ಜೂನ್‌ನಲ್ಲಿ ಅವಳ ಲಾಕರಿನ ಮೇಲೆ ಬೇರೆಯವರ ಹೆಸರಿತ್ತು.

ಅಮ್ಮನಿಗೆ ನಿನ್ನೆ ಹೇಳಿದೆ. ಅತ್ತಳು. ಮೂಗು ಒರೆಸಿಕೊಂಡು ಊಟ ಆಯಿತಾ ಎಂದಳು. ಪರವಾಗಿಲ್ಲ, ಸುಲಭವಾಗಿ ಮುಗಿಯಿತು ಅಂದುಕೊಂಡು ನಾನು ಬಟ್ಟೆ ಒಗೆಯಲು ಹೋದೆ. ಬರುವಷ್ಟರಲ್ಲಿ ‘ಈ ಮನೆಗೆ ಹೊಸ ಜೀವ ಕೊಟ್ಟ ದೇವರಿಗೆ ಸ್ತೋತ್ರ’ ಅಂತ ಫೇಸ್‌ಬುಕ್‌ಗೆ ಹಾಕಿಬಿಟ್ಟಿದ್ದಾಳೆ. ಊರಿಗೆಲ್ಲ ಕಾಣುವಂತೆ. ಒದ್ದೆ ಕೈಯಲ್ಲೇ ಕಿತ್ತುಕೊಂಡು ಅಳಿಸಿದೆ. ಅಷ್ಟರೊಳಗೆ ಪಕ್ಕದ ಮನೆಯವರು ಕೇಳಿಯಾಗಿತ್ತು — ನಾಯಿ ಮರಿ ಹಾಕಿತಾ? ಹೌದು ಅಂದೆ. ನಮ್ಮ ನಾಯಿ ಗಂಡು.

ಫೆಬ್ರವರಿ 12, ಮಂಗಳವಾರ. ಸಂಜೆ

ಅಮ್ಮನಿಗೆ ಪಾಠ. ಮೂವತ್ತೆಂಟು ಹುಡುಗಿಯರಿಗೆ ಪರಮಾಣು ಅರ್ಥ ಮಾಡಿಸಬಹುದು. ಇವಳೊಬ್ಬಳಿಗೆ...

“ಇಲ್ಲಿ ನೋಡಮ್ಮ. ಏನಾದ್ರೂ ಹಾಕೋ ಮುಂಚೆ ಇದನ್ನ ಒತ್ತಬೇಕು. ಯಾರಿಗೆ ಕಾಣಬೇಕು ಅಂತ ಕೇಳತ್ತೆ.”

“ನನ್ನನ್ನ ಯಾವತ್ತೂ ಕೇಳಿಲ್ಲ.”

“ಕೇಳತ್ತೆ. ನೀನು ನೋಡಲ್ಲ.”

ಕನ್ನಡಕ ಹಾಕಿಕೊಂಡು ನನ್ನ ಗುಂಪುಗಳನ್ನೆಲ್ಲ ಒಂದೊಂದಾಗಿ ತೆರೆದು ನೋಡಿದಳು. ಮದುವೆ ಮನೆಯಲ್ಲಿ ಯಾರನ್ನು ಎಲ್ಲಿ ಕೂರಿಸಿದ್ದಾರೆ ಅಂತ ನೋಡುವ ಹಾಗೆ.

“ಬೆಬಿಂಗ್ ಯಾಕೆ ಚರ್ಚಿನವರ ಜೊತೆ? ನನ್ನ ಒಡಹುಟ್ಟಿದವಳು ಅವಳು.”

“ತಿಯಾ ಬೆಬಿಂಗ್ ಬಾಯಲ್ಲಿ ಒಂದು ಮಾತು ನಿಲ್ಲಲ್ಲ.”

“ನನ್ನ ಬಾಯಲ್ಲಿ ನಿಲ್ಲತ್ತಾ?”

“ಇಲ್ಲ. ಆದ್ರೆ ನಿನ್ನನ್ನ ಬಿಡೋ ಹಾಗಿಲ್ವಲ್ಲ.”

“ಓಹೋ. ನಂಬಿಕೆಯಿಂದ ಇಟ್ಕೊಂಡಿಲ್ಲ, ಗತಿಯಿಲ್ಲದೆ ಇಟ್ಕೊಂಡಿದ್ದೀಯ ಅನ್ನು.” ಕನ್ನಡಕ ತೆಗೆದಳು. “ಇಷ್ಟೆಲ್ಲ ಯಾಕೆ ಇಂದಾಯ್, ನನ್ನ ಮಗಳೇ? ನಮ್ಮ ಕಾಲದಲ್ಲಿ ಒಬ್ಬರಿಗೆ ಗೊತ್ತಾಗಬಾರದು ಅಂದ್ರೆ ಅವರ ಮನೆ ಮುಂದೆ ಹಾದುಹೋಗ್ತಿರಲಿಲ್ಲ. ಮುಗೀತು.”

ಕೊನೆಗೆ ಬಾಲಯೇಸು ಸಾಂತೊ ನಿನ್ಯೊ ಮೂರ್ತಿಯ ಮುಂದೆ ನಿಲ್ಲಿಸಿ ಆಣೆ ಹಾಕಿಸಿದೆ. ಫೋನಲ್ಲಿ ಒಂದಕ್ಷರ ಹಾಕುವುದಿಲ್ಲ ಎಂದಳು. ಮುಖ ನೋಡಿದರೆ ಮಗುವಿನ ಕೈಯಿಂದ ಮಿಠಾಯಿ ಕಿತ್ತುಕೊಂಡೆನೇನೋ ಅನ್ನಿಸಿತು. ಅನ್ನಿಸಿದರೆ ಅನ್ನಿಸಲಿ. ಏಪ್ರಿಲ್ ಐದರವರೆಗೆ ನಾನು ಕೆಟ್ಟವಳೇ.

ಫೆಬ್ರವರಿ 23, ಶನಿವಾರ

ಸ್ಕ್ಯಾನಿಂಗ್‌ಗೆ ಜೊಸೆಟ್ ಜೊತೆಗೆ ಬಂದಳು. ಹೃದಯ ಬಡಿಯುತ್ತಿತ್ತು. ಕಡಲೆಕಾಯಿ ಬೀಜದಷ್ಟು ಇದೆ, ಎಷ್ಟು ಜೋರು ಬಡಿತ. ನಾನು ಅಳಲಿಲ್ಲ, ಜೊಸೆಟ್ ಅತ್ತಳು.

ಚಿತ್ರ ಹಾಕಿದೆ. ‘ಗೊತ್ತಿರುವವರು’ ಮಾತ್ರ. ಎರಡು ಸಲ ನೋಡಿಕೊಂಡೇ ಹಾಕಿದೆ. ಜೊತೆಗೆ ಬಂದಳಲ್ಲ ಅಂತ ಪ್ರೀತಿಗೆ ಜೊಸೆಟ್‌ಳನ್ನು ಟ್ಯಾಗ್ ಮಾಡಿದೆ.

ವಾಪಸ್ ಬರುವಾಗ ಬಾಡಿಗೆ ಜೀಪ್ನಿಯಲ್ಲಿ ಕೂತು ಡ್ರೈವರಿಗೆ ಚಿಲ್ಲರೆ ದಾಟಿಸುತ್ತಿದ್ದೇನೆ, ಫೋನ್ ಗುರ್ರೆಂದಿತು. ತಿಯಾ ಬೆಬಿಂಗ್. ‘ಯಾರ ಹೊಟ್ಟೆ ಇದು?’

ಅವಳಿಗೆ ಹೇಗೆ ಕಂಡಿತು? ಜೊಸೆಟ್ ನನ್ನ ಫೋನ್ ಕಿತ್ತುಕೊಂಡು ನೋಡಿ ಹಣೆ ಚಚ್ಚಿಕೊಂಡಳು.

“ಟ್ಯಾಗ್ ಮಾಡಿದ್ಯಲ್ಲೇ. ಟ್ಯಾಗ್ ಮಾಡಿದ್ರೆ ನನ್ನ ಫ್ರೆಂಡ್ಸ್‌ಗೆಲ್ಲ ಕಾಣತ್ತೆ.”

“ನಿನ್ನ ಫ್ರೆಂಡ್ಸ್ ಯಾರ್ಯಾರು?”

“ನಿನ್ನ ತಿಯಾ. ಇಡೀ ಸ್ಟಾಫ್‌ರೂಮು.”

ಅಳಿಸಿದೆ. ಹುಚ್ಚಿಯ ಹಾಗೆ ಒತ್ತಿ ಒತ್ತಿ ಅಳಿಸಿದೆ. ಎಷ್ಟು ಜನ ನೋಡಿದರೋ ಆ ದೇವರಿಗೇ ಗೊತ್ತು. ತಿಯಾ ಬೆಬಿಂಗ್‌ಗೆ ಫೋನ್ ಮಾಡಿ ಜೊಸೆಟ್‌ಳ ನಾದಿನಿಯದು ಅಂದೆ. ‘ನಾದಿನಿಗೆ ಮದುವೆ ಆಗಿದೆಯಾ?’ ಎಂದಳು. ಈ ಊರಿನಲ್ಲಿ ಎಲ್ಲರೂ ಕೇಳುವ ಮೊದಲ ಪ್ರಶ್ನೆಯೇ ಅದು. ಆಗಿದೆ ತಾಯಿ, ಆಗಿದೆ ಎಂದೆ. ಎದುರಿಗೆ ಕೂತಿದ್ದ ಮುದುಕ ನನ್ನನ್ನೇ ನೋಡುತ್ತಿದ್ದ. ಅವನನ್ನು ಯಾವ ಗುಂಪಿಗೆ ಹಾಕಲಿ?

ಮಾರ್ಚ್ 6, ವಿಭೂತಿ ಬುಧವಾರ. ಮಧ್ಯಾಹ್ನದ ಬಿಡುವು

ಬೆಳಿಗ್ಗೆ ಚಾಪೆಲ್‌ನಲ್ಲಿ ಹಣೆಗೆ ಬೂದಿ. ಮೇಣದಬತ್ತಿ ವಾಸನೆ ಹೊಟ್ಟೆಗೆ ಇಳಿಯಿತು. ಓಡಿದೆ. ಬಾತ್‌ರೂಮಿನಿಂದ ಹೊರಗೆ ಬಂದರೆ ಬಾಗಿಲಲ್ಲೇ ಮಿಸ್ ಪಾಲ್ಮಾರೆಸ್. ಪ್ರಿನ್ಸಿಪಾಲ್ ಅಂದರೆ ಆಫೀಸಿನಲ್ಲಿ ಕೂರಬೇಕು. ಇವರು ಗೋಡೆಯೊಳಗಿಂದ ಬರುತ್ತಾರೆ.

“ಹುಷಾರಿಲ್ವಾ, ಮಿಸ್ ಸುಮಗೈಸೈ?”

“ನಿನ್ನೆ ತಿಂದ ಬಾಚೊಯ್ ನೂಡಲ್ಸ್ ಹಿಡಿಸಲಿಲ್ಲ ಮ್ಯಾಮ್.”

ತಲೆಯಿಂದ ಕಾಲಿನವರೆಗೆ ಒಂದು ಸಲ ನೋಡಿದರು. “ನಿಮ್ಮ ಫೇಸ್‌ಬುಕ್ ನೋಡ್ತಿರ್ತೀನಿ. ಸೈನ್ಸ್ ಫೇರ್, ಧ್ವಜವಂದನೆ, ಟೀಚರ್ಸ್ ಡೇ ಶುಭಾಶಯ. ಬೇರೆ ಏನೂ ಇರೋದೇ ಇಲ್ವಲ್ಲ.”

“ಬೇರೆ ಏನೂ ನಡೆಯಲ್ಲ ಮ್ಯಾಮ್.”

“ಹ್ಞೂಂ” ಎಂದು ಹೋದರು. ಅವರ ‘ಹ್ಞೂಂ’ ಒಳ್ಳೆಯದೋ ಕೆಟ್ಟದ್ದೋ ಇಷ್ಟು ವರ್ಷದಲ್ಲಿ ಯಾರಿಗೂ ತಿಳಿದಿಲ್ಲ.

ಇದೇ ನನ್ನ ಈಗಿನ ಎರಡನೇ ಕೆಲಸ. ಶಾಲೆಯ ಗುಂಪಿಗೆ ಕಾಣಲೆಂದು ದಿನಾ ನನ್ನದೇ ಹೆಸರಿನ ಒಂದು ಸುಳ್ಳು ನೆರಿಸಾ ತಯಾರಿಸಬೇಕು. ಅವಳು ಗಿಡ ನೆಡುತ್ತಾಳೆ, ರೋಸರಿ ಹೇಳುತ್ತಾಳೆ, ತೆಳ್ಳಗಿದ್ದಾಳೆ. ಇವತ್ತು ಹಣೆಯ ಬೂದಿಯ ಫೋಟೊ ಹಾಕಿದೆ, ಕುತ್ತಿಗೆಯಿಂದ ಮೇಲಕ್ಕೆ. ಎಷ್ಟೊಂದು ಲೈಕ್. ನನಗೆ ಅವಳನ್ನು ಕಂಡರೆ ಆಗುವುದಿಲ್ಲ.

ಮಾರ್ಚ್ 17, ಭಾನುವಾರ

ರೋಮೆಲ್ ಜೊತೆ ಜಗಳ. ಹಡಗು ಬಂದರಿಗೆ ಬಂದಿದೆ, ಸಿಗ್ನಲ್ ಸಿಕ್ಕಿದೆ. ಎಷ್ಟೋ ದಿನಕ್ಕೊಮ್ಮೆ ಸಿಗುವ ಅರ್ಧ ಗಂಟೆ, ಅದರಲ್ಲೂ ಜಗಳ.

“ನಿನ್ನ ಪೇಜಲ್ಲಿ ನನಗೆ ಏನೂ ಕಾಣ್ತಿಲ್ಲ. ಬರೀ ಧ್ವಜ ಕಾಣತ್ತೆ. ನೆಟ್ ಸರಿ ಇಲ್ವಾ ಅಂತ ಇಲ್ಲಿ ಎಲ್ಲರ ಫೋನಲ್ಲೂ ನೋಡಿದೆ.”

ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದೆ.

“ನೆರಿಸಾ. ನನ್ನನ್ನ ಯಾವ ಗುಂಪಿಗೆ ಹಾಕಿದ್ದೀಯ?”

ಹೇಳಲೇಬೇಕಾಯಿತು. ಹೋದ ತಿಂಗಳೇ ‘ಗೊತ್ತಿರುವವರು’ ಗುಂಪಿನಿಂದ ತೆಗೆದು ಶಾಲೆಯ ಗುಂಪಿಗೆ ಹಾಕಿದ್ದೆ. ಅವನು ಎಲ್ಲದರ ಕೆಳಗೂ ‘ನನ್ನ ಹೆಂಡತಿ, ನನ್ನ ಪಾಪು’ ಅಂತ ಬರೆಯುತ್ತಾನೆ. ಬೇಡ ಅಂದರೂ ಬರೆಯುತ್ತಾನೆ. ಅವನ ಕ್ಯಾಪ್ಟನ್‌ನ ಹೆಂಡತಿ ನಮ್ಮ ಲೈಬ್ರರಿಯನ್ನಿನ ಕಸಿನ್. ಬೇರೆ ಏನು ಮಾಡಲಿ?

“ಮಗು ನನ್ನದು. ಅದು ಯಾರಿಗೆ ಗೊತ್ತಾಗಬಾರದೋ ಅವರ ಜೊತೆ ನನ್ನನ್ನೂ ಕೂರಿಸಿದ್ಯಾ?”

“ಮೂರು ವಾರ ಅಷ್ಟೇ, ರೋಮೆಲ್.”

“ಇಲ್ಲಿ ನೀರು ಬಿಟ್ಟರೆ ನೋಡೋಕೆ ಏನಿದೆ ನನಗೆ?”

ಲೈನ್ ಕಟ್ಟಾಯಿತು. ಅವನೇ ಕಟ್ ಮಾಡಿದನೋ, ಸಿಗ್ನಲ್ ಹೋಯಿತೋ. ಸ್ಕ್ಯಾನ್ ಚಿತ್ರವನ್ನು ಬೇರೆಯಾಗಿ ಕಳಿಸಿದೆ. ಅವನು ನೋಡಿದ ಗುರುತು ಇನ್ನೂ ಬಂದಿಲ್ಲ. ಸಿಟ್ಟು ಯಾರ ಮೇಲೆ ಅಂತಲೂ ತಿಳಿಯುತ್ತಿಲ್ಲ. ಹಡಗಿನ ಮೇಲೆ, ಶಾಲೆಯ ಮೇಲೆ, ಈ ದರಿದ್ರ ಫೋನಿನ ಮೇಲೆ. ಅಮ್ಮ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಳು. ಏನೂ ಅನ್ನಲಿಲ್ಲ. ಅವಳು ಏನೂ ಅನ್ನದಿದ್ದರೆ ನನಗೆ ಭಯ.

ಮಾರ್ಚ್ 31, ಭಾನುವಾರ. ಮಧ್ಯಾಹ್ನ

ಎಲ್ಲ ಆದ ಹಾಗೇ ಬರೆದಿಡುತ್ತೇನೆ.

ಅಮ್ಮ ಬೆಳಿಗ್ಗೆ ಬೇಗ ಎದ್ದು ಬಿಕೊ ಮಾಡಿದಳು. ಅಂಟಕ್ಕಿ, ತೆಂಗಿನ ಹಾಲು, ಬೆಲ್ಲದ ಪಾಕ. ಬಾಳೆಲೆ ಹಾಸಿದ ಬಿದಿರಿನ ತಟ್ಟೆ ತುಂಬ. ಯಾರಿಗೆ ಎಂದೆ. ಚರ್ಚಿನ ಹತ್ತಿರದವರಿಗೆ ಎಂದಳು. ಹೂವಿನ ಉಡುಪು ಹಾಕಿಕೊಂಡು, ಕೊಡೆ ಹಿಡಿದು ಹೋದಳು. ಬರುವಾಗ ಕೈ ಖಾಲಿ, ಮುಖ ಊರಗಲ.

“ಆಯ್ತು ಇಂದಾಯ್. ಒಪ್ಪಿಕೊಂಡ್ರು.”

“ಯಾರು? ಏನನ್ನ?”

“ಮಗೂಗೆ ನಿನಾಂಗ್ ಆಗೋಕೆ, ಧರ್ಮತಾಯಿ. ಜ್ಞಾನಸ್ನಾನದ ದಿನ ಎತ್ಕೊಂಡು ನಿಲ್ಲೋಕೆ ಒಬ್ಬ ದೊಡ್ಡ ಮನುಷ್ಯರು ಬೇಡ್ವಾ? ಹೊಟ್ಟೇಲಿರುವಾಗ್ಲೇ ಕೇಳಿ ಹಿಡಿದಿಟ್ಕೋಬೇಕು. ಆಮೇಲೆ ಬೇರೆಯವರು ಮುಂದಾಗ್ತಾರೆ.”

“ಯಾರಮ್ಮ?”

“ಚರ್ಚಿನ ಹಿಂದಿನ ಮನೆ. ನಿಮ್ಮ ಮಿಸ್ ಪಾಲ್ಮಾರೆಸ್.”

ಕೂತುಬಿಟ್ಟೆ. ಕುರ್ಚಿ ಇರಲಿಲ್ಲ, ನೆಲದ ಮೇಲೆ ಕೂತೆ.

“ನೀನು ಆಣೆ ಹಾಕಿದ್ದೆ.”

“ಫೋನಲ್ಲಿ ಹಾಕಲ್ಲ ಅಂತ ಆಣೆ ಹಾಕಿದ್ದೆ. ಹಾಕಲಿಲ್ಲ. ನಡ್ಕೊಂಡೇ ಹೋದೆ.”

ಎರಡು ತಿಂಗಳು. ಒಂದೊಂದೇ ಹೆಸರು ಒತ್ತಿ ಒತ್ತಿ ಹೆಬ್ಬೆರಳು ಸವೆಯಿತು. ರೋಮೆಲ್‌ನನ್ನು ಕಳೆದುಕೊಳ್ಳುವುದೊಂದು ಬಾಕಿ ಇತ್ತು. ಯಾವ ಒಬ್ಬರಿಗೆ ಕಾಣಬಾರದು ಅಂತ ಇಷ್ಟೆಲ್ಲ ಮಾಡಿದೆನೋ ಅವರ ಊಟದ ಮೇಜಿನ ಮೇಲೆಯೇ ಹೋಗಿ ಇಟ್ಟು ಬಂದಿದ್ದಾಳೆ, ಬಾಳೆಲೆಯಲ್ಲಿ ಸುತ್ತಿ.

“ಅವರು ಏನಂದ್ರು?”

“ಮೊದಲು ಹ್ಞೂಂ ಅಂದ್ರು. ನಿನಾಂಗ್ ಆಗು ಅಂತ ಬಂದವರಿಗೆ ಯಾರಾದ್ರೂ ಇಲ್ಲ ಅಂತಾರಾ? ಮಗೂಗೆ ಕೇಡಾಗತ್ತೆ. ಹ್ಞೂಂ ಅಂದ ಮೇಲೆ ಯಾರ ಮಗು ಅಂತ ಕೇಳಿದ್ರು. ಹೇಳಿದೆ.”

“ಆಮೇಲೆ?”

“ಆಮೇಲೆ ಬಿಕೊ ತಿಂದ್ರು. ಸ್ವಲ್ಪ ಸಿಹಿ ಹೆಚ್ಚಾಯ್ತು ಅಂದ್ರು.”

ನಾನು ಏನೇನೋ ಅಂದೆ. ಬರೆಯುವುದಿಲ್ಲ. ಅಮ್ಮನಿಗೆ ಯಾವ ಮಗಳೂ ಅನ್ನಬಾರದ್ದು. ಅವಳು ಪಾತ್ರೆ ತೊಳೆಯುತ್ತಾ ನಿಂತಿದ್ದಳು, ತಿರುಗಿ ನೋಡಲಿಲ್ಲ.

ಏಪ್ರಿಲ್ 1, ಸೋಮವಾರ

ಏನೂ ಇಲ್ಲ. ಇಡೀ ದಿನ ಏನೂ ಇಲ್ಲ. ಮಿಸ್ ಪಾಲ್ಮಾರೆಸ್ ಎರಡು ಸಲ ಎದುರು ಬಂದರು, ‘ಗುಡ್ ಮಾರ್ನಿಂಗ್ ಮಿಸ್ ಸುಮಗೈಸೈ’ ಎಂದು ಹೋದರು. ಕರೆದು ಬೈದಿದ್ದರೆ ಊಟವಾದರೂ ಸೇರುತ್ತಿತ್ತು. ಅರ್ಲೀನ್‌ಗೂ ಹೀಗೇ ಗುಡ್ ಮಾರ್ನಿಂಗ್ ಹೇಳಿರಬೇಕು.

ಅಮ್ಮನ ಜೊತೆ ಮಾತಿಲ್ಲ.

ಏಪ್ರಿಲ್ 3, ಬುಧವಾರ. ನಾಲ್ಕು ಗಂಟೆ

ಕರೆದರು. ಬಾಗಿಲು ಹಾಕಿಸಿದರು. ಕೂರಲು ಹೇಳಲಿಲ್ಲ, ಆಮೇಲೆ ನನ್ನ ಹೊಟ್ಟೆ ನೋಡಿ ಕೂರಿ ಎಂದರು.

“ನಿಮ್ಮ ತಾಯಿ ನನ್ನನ್ನ ಸಿಕ್ಕಿಸಿಬಿಟ್ಟರು, ಮಿಸ್ ಸುಮಗೈಸೈ.”

“ಕ್ಷಮಿಸಿ ಮ್ಯಾಮ್. ಅವರಿಗೆ ತಿಳಿಯಲ್ಲ.”

“ತಿಳಿಯಲ್ವಾ? ನನಗೇನೋ ಹಾಗನ್ನಿಸಲಿಲ್ಲ.” ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು. “ನೀವು ನನ್ನಿಂದ ಮುಚ್ಚಿಟ್ಟಿರಿ. ಅದು ನನಗೆ ನೋವಾಯ್ತು ಅಂತ ಹೇಳಲ್ಲ. ನಾನಾಗಿದ್ರೆ ನಾನೂ ಮುಚ್ಚಿಡ್ತಿದ್ದೆ. ಆದ್ರೆ ಶುಕ್ರವಾರ ಬೋರ್ಡ್ ಮುಂದೆ ಕೂರೋಳು ನಾನು. ಗೊತ್ತಿಲ್ಲ ಅಂತ ಸುಳ್ಳು ಹೇಳೋಕೆ ನನ್ನಿಂದಾಗಲ್ಲ.”

“ಹಾಗಾದ್ರೆ ನನ್ನ ಕೆಲಸ ಹೋಯ್ತಾ ಮ್ಯಾಮ್?”

“ಶುಕ್ರವಾರ ಅಂದೆ.”

ಬಾಗಿಲ ಹತ್ತಿರ ಹೋಗಿದ್ದೆ. ಅಲ್ಲಿಂದಲೇ ಕೇಳಿದೆ, ಯಾಕೆ ಕೇಳಿದೆನೋ ಗೊತ್ತಿಲ್ಲ. “ಅರ್ಲೀನ್ ವಿಷಯ ಬಂದಾಗಲೂ ನೀವು ಅಲ್ಲೇ ಕೂತಿದ್ರಾ ಮ್ಯಾಮ್?”

ಪೆನ್ನಿನ ಮುಚ್ಚಳ ಮತ್ತೆ ತೆಗೆದರು, ಹಾಕಲಿಲ್ಲ. ‘ಹ್ಞೂಂ’ ಕೂಡ ಇಲ್ಲ.

ಮುಗಿಯಿತು ಅನ್ನಿಸುತ್ತದೆ. ಬಾಯಿ ಮುಚ್ಚಿಕೊಂಡು ಬರಬೇಕಿತ್ತು. ಎಲ್ಲರ ಬಾಯಿಗೂ ಬೀಗ ಹಾಕಿ ಕೊನೆಗೆ ನನ್ನ ಬಾಯಿಯೇ...

ಏಪ್ರಿಲ್ 5, ಶುಕ್ರವಾರ. ಲ್ಯಾಬ್‌ನಲ್ಲಿ

ಮೀಟಿಂಗ್ ನಡೆಯುತ್ತಿದೆ. ಬೀಕರ್ ತೊಳೆದದ್ದನ್ನೇ ತೊಳೆಯುತ್ತಿದ್ದೇನೆ. ರೋಮೆಲ್‌ನ ಮೆಸೇಜ್ ಬಂದಿದೆ, ಇಷ್ಟು ದಿನಕ್ಕೆ. ‘ಕೆಲಸ ಹೋದರೆ ಹೋಗಲಿ. ನಾನಿದ್ದೀನಿ.’ ಒಳ್ಳೆಯವನು. ಆದರೆ ಕೆಲಸ ಹೋದರೆ ಹೋಗಲಿ ಅನ್ನಲು ಕೆಲಸ ಅವನದಲ್ಲ. ನನಗೆ ಇದು ಬೇಕು. ಈ ಬೀಕರ್ ಬೇಕು, ಹಿಂದಿನ ಬೆಂಚಿನಲ್ಲಿ ಆಸಿಡ್ ಚೆಲ್ಲುವ ಆ ಕತ್ತೆಗಳು ಬೇಕು. ನಾನು ಇದನ್ನು ಚೆನ್ನಾಗಿ ಮಾಡುತ್ತೇನೆ. ಅದನ್ನು ಯಾವ ಬೋರ್ಡೂ ಕೇಳುವುದಿಲ್ಲ.

ಅದೇ ದಿನ. ಮನೆ, ಸಂಜೆ

ಮಿಸ್ ಪಾಲ್ಮಾರೆಸ್ ತಾವೇ ಲ್ಯಾಬ್‌ಗೆ ಬಂದರು. ಕಾಗದ ಮೇಜಿನ ಮೇಲೆ ಇಟ್ಟರು. ಸಹಿ ಇತ್ತು. ನನಗೆ ಅಕ್ಷರ ಕಾಣಿಸಲಿಲ್ಲ.

“ಬೋರ್ಡಿನವರು ಕೇಳಿದ್ರು” ಎಂದರು. “ಯಾರೋ ಒಂದು ಚಿತ್ರ ಕಳಿಸಿದ್ರು ಅವರಿಗೆ. ಫೆಬ್ರವರಿಯದು, ನಿಮ್ಮ ಹೆಸರಿತ್ತು. ಹೌದು, ಬಸುರಿ ಅಂದೆ. ಗಲಾಟೆ ಆಯ್ತು. ಶಾಲೆಗೆ ಕೆಟ್ಟ ಹೆಸರು, ಅದು ಇದು. ಮಗೂಗೆ ಆಗಲೇ ನಿನಾಂಗ್ ಇದ್ದಾರೆ ಅಂದೆ. ಯಾರು ಅಂತ ಕೇಳಿದ್ರು. ನಾನೇ ಅಂದೆ.”

“ಆಮೇಲೆ ಮ್ಯಾಮ್?”

“ಆಮೇಲೆ ಯಾರೂ ಮಾತಾಡಲಿಲ್ಲ.”

ಕಿಟಕಿಯ ಕಡೆ ತಿರುಗಿ ನಿಂತರು. “ಮದುವೆ ಜುಲೈನಲ್ಲಿ ಅಂತ ಹೇಳಿದ್ದೀನಿ. ನನ್ನನ್ನ ಸುಳ್ಳುಗಾತಿ ಮಾಡಬೇಡ, ಇಂದಾಯ್. ಬಾಚೊಯ್ ತಿನ್ನೋದು ಕಡಿಮೆ ಮಾಡು. ಸೊಪ್ಪು ತಿನ್ನು.”

ನಾಲ್ಕು ವರ್ಷದಲ್ಲಿ ಮೊದಲ ಸಲ ಏಕವಚನ.

ಮನೆಗೆ ಬಂದಾಗ ಅಮ್ಮ ಮೀನು ಉಜ್ಜುತ್ತಿದ್ದಳು. ಕಾಗದ ತೋರಿಸಿದೆ. ಕೈ ಒದ್ದೆ, ಮುಟ್ಟುವುದಿಲ್ಲ, ನೀನೇ ಓದು ಎಂದಳು. ಓದಿದೆ. ಆಮೇಲೆ ಕೇಳಿದೆ.

“ನಿನಗೆ ಗೊತ್ತಿತ್ತಾ ಅಮ್ಮ, ಹೀಗಾಗತ್ತೆ ಅಂತ?”

“ಏನು ಗೊತ್ತಿರೋದು?” ಮೀನು ತಿರುಗಿಸಿದಳು. “ನಿನಾಂಗ್ ಅಂದ್ರೆ ಮತ್ತೇನಕ್ಕೆ? ಬರೀ ಕ್ರಿಸ್ಮಸ್‌ಗೆ ಆಟದ ಸಾಮಾನು ಕೊಡೋಕಾ?”

ಭಾನುವಾರ ಅಂದಿದ್ದಕ್ಕೆಲ್ಲ ಕ್ಷಮೆ ಕೇಳಿದೆ. ಈರುಳ್ಳಿ ಹೆಚ್ಚು ಹೋಗು ಎಂದಳು.

ಏಪ್ರಿಲ್ 6, ಶನಿವಾರ. ಬೆಳಿಗ್ಗೆ

ಗುಂಪುಗಳನ್ನು ಬಿಚ್ಚುತ್ತಿದ್ದೇನೆ. ಕಟ್ಟುವುದಕ್ಕಿಂತ ಬಿಚ್ಚುವುದು ಬೇಗ. ಶಾಲೆಯ ಗುಂಪಿನಿಂದ ರೋಮೆಲ್‌ನನ್ನು ಮೊದಲು ತೆಗೆದೆ. ಮಿಸ್ ಪಾಲ್ಮಾರೆಸ್‌ರನ್ನು ಎಲ್ಲಿಗೆ ಹಾಕಲಿ ಅಂತ ಕೇಳಿದರೆ ಅಮ್ಮ, ‘ಮನೆಯವರ ಜೊತೆ, ಮತ್ತೆಲ್ಲಿಗೆ’ ಎಂದಳು. ತಿಯಾ ಬೆಬಿಂಗ್ ಆಗಲೇ ಫೋನ್ ಮಾಡಿ ಜೊಸೆಟ್‌ಳ ನಾದಿನಿಯ ಆರೋಗ್ಯ ವಿಚಾರಿಸಿದಳು. ನಕ್ಕೆ. ತುಂಬ ದಿನದ ಮೇಲೆ.

ಸಂತೋಷವಾಗಿರಬೇಕು. ಆಗಿದ್ದೇನೆ ಕೂಡ. ಆದರೆ ಪೂರ್ತಿ ಅಲ್ಲ. ನಾನು ಒಳ್ಳೆಯ ಟೀಚರ್ ಅಂತ ಕಾಗದ ಬರಲಿಲ್ಲ. ಆ ಸಾಲು ತಪ್ಪು ಅಂತಲೂ ಬರಲಿಲ್ಲ, ಅದು ಇವತ್ತೂ ಅಲ್ಲೇ ಇದೆ, ಮೂರನೇ ಪುಟದಲ್ಲಿ. ನನಗೆ ಸಿಕ್ಕಿದ್ದು ನ್ಯಾಯ ಅಲ್ಲ, ನಂಟಸ್ತಿಕೆ. ನನ್ನ ಅಮ್ಮ ಪ್ರಿನ್ಸಿಪಾಲರ ಬೀದಿಯಲ್ಲೇ ಚರ್ಚಿಗೆ ಹೋಗುತ್ತಾಳೆ. ಅರ್ಲೀನ್‌ಳ ಅಮ್ಮ ದೂರದ ಅಂತಿಕೆಯ ಬೆಟ್ಟದ ಮೇಲಿದ್ದಳು, ಬಸ್ಸಿಲ್ಲದ ಊರು.

ಅವಳ ಹೆಸರು ಹುಡುಕಿದೆ. ನನ್ನ ಯಾವ ಗುಂಪಿನಲ್ಲೂ ಇಲ್ಲ. ಶಾಲೆಯವರನ್ನೆಲ್ಲ ಅವಳೇ ತೆಗೆದುಹಾಕಿದ್ದಾಳೆ. ಪೇಜಿಗೆ ಬೀಗ. ಚಿಕ್ಕ ಫೋಟೊ ಒಂದೇ ಕಾಣುತ್ತದೆ, ಮಗುವಿನ ಕಾಲು ಮಾತ್ರ. ಮೆಸೇಜ್ ಬರೆಯಬಹುದು.

ಮೂರು ಸಲ ಬರೆದು ಅಳಿಸಿದೆ. ಜುಲೈನ ಮದುವೆಗೆ ಕರೆಯಬೇಕು. ಮಿಸ್ ಪಾಲ್ಮಾರೆಸ್ ಕೂರುವ ಮೇಜಿನಲ್ಲೇ ಅವಳನ್ನೂ ಕೂರಿಸಬೇಕು, ಮಗುವಿನ ಸಮೇತ, ಎಲ್ಲರಿಗೂ ಕಾಣುವಂತೆ. ಬರುತ್ತಾಳಾ? ನಾನಾಗಿದ್ದರೆ ಬರುತ್ತಿದ್ದೆನಾ?

‘ಅರ್ಲೀನ್, ನಾನು ನೆರಿಸಾ, ಸೈನ್ಸ್. ನಿನಗೆ ಹೀಗೆ ಹೇಳೋಕೆ ನನಗೆ ಮುಖ ಇಲ್ಲ. ಆದರೂ ನನ್ನ ಮಗುವಿಗೆ ಇನ್ನೊಬ್ಬಳು ನಿನಾಂಗ್ ಬೇಕು. ಕೇಳಿದರೆ ಇಲ್ಲ ಅನ್ನೋ ಹಾಗಿಲ್ಲ ಅಂತ ನಿನಗೂ ಗೊತ್ತು, ಅದಕ್ಕೇ ಕೇಳೋಕೆ’

ಅಯ್ಯೋ. ಪೂರ್ತಿ ಆಗುವ ಮುಂಚೆಯೇ ಬೆರಳು ತಾಗಿ ಹೋಯಿತು. ನೋಡಿದ ಗುರುತು ಬಂತು. ಓದಿದ್ದಾಳೆ. ಅವಳು ಬರೆಯುತ್ತಿದ್ದಾಳೆ, ಮೂರು ಚುಕ್ಕಿ ಕುಣಿಯುತ್ತಿದೆ. ನಿಂತಿತು. ಮತ್ತೆ ಬರೆಯುತ್ತಿದ್ದಾಳೆ.